ಅಂಡಮಾನಿಗೆ ಹೂಂ ಅಂದವರು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಪತ್ತೆ ಹಚ್ಚಿ ಬೈಯುವುದು ಬೇಡ. ಆ ಸಂಜೆ ನಾನು ರಾಜಾಜಿನಗರದ ನಮ್ಮ ಮನೆ ಗೇಟಿನ ಹೊರಗೆ, ಕೈಯಲ್ಲಿ ಬಿಚ್ಚಿದ ಸೈಕಲ್ ಬೆಲ್ಲು ಹಿಡಿದುಕೊಂಡು, ದವಡೆಯಲ್ಲಿ ಅಡಿಕೆ ತುಂಬಿಕೊಂಡು, ಅಪ್ಪನನ್ನು ಹೆತ್ತ ತಾಯಿಗೇ ಟೋಪಿ ಹಾಕಬೇಕೆಂದು ನಿಂತಿದ್ದೆ. ಇಂಥವನ ಮಾತನ್ನು ಹೇಗಯ್ಯ ನಂಬೋದು ಅಂತ ನೀವು ಕೇಳಿದರೆ ತಪ್ಪೇನಿಲ್ಲ. ನಮ್ಮ ಮನೆಯವರು ನನ್ನನ್ನು ನಂಬುವುದು ಬಿಟ್ಟೇ ಬಹಳ ಕಾಲವಾಯಿತು.

ದೆವ್ವ, ಅಶರೀರವಾಣಿ, ಇಂಥ ಮಾತು ಬಂದರೆ ನನಗೆ ನಗು ತಡೆಯಲು ಆಗುತ್ತಿರಲಿಲ್ಲ. ಕಾಲೇಜಿನ ಗೆಳೆಯನೊಬ್ಬ ಕೆಂಗೇರಿ ಸ್ಟೇಷನ್ನಿನಲ್ಲಿ ಬಿಳಿ ಸೀರೆಯ ಹೆಂಗಸನ್ನು ನೋಡಿದೆ ಅಂತ ಬೆವರಿಕೊಂಡು ಹೇಳುತ್ತಿದ್ದರೆ, ನಾನು ಆ ಹೆಂಗಸಿನ ದನಿ ತೆಗೆದು, 'ಅಣ್ಣಾ, ಪ್ಲಾಟ್‌ಫಾರಂ ಟಿಕೆಟ್ ಎಲ್ಲಿ ಕೊಡ್ತಾರೆ?' ಅಂತ ಅವನ ಕಿವಿಯಲ್ಲಿ ಕೇಳಿ ಒಂದು ಏಟು ತಿಂದಿದ್ದೆ. ಬೇರೆಯವರ ದನಿ ತೆಗೆಯುವುದು ಚಿಕ್ಕಂದಿನಿಂದ ಅಂಟಿದ ರೋಗ. ಸೀನುವ ಮುಂಚೆ ಸೂರು ನೋಡಿ ತಡವರಿಸುವ ಅಪ್ಪ, 'ಒಳಗ್ ಬಾ, ಒಳಗ್ ಬಾ' ಅನ್ನುತ್ತಲೇ ನಮ್ಮನ್ನು ಫುಟ್‌ಬೋರ್ಡಿನಲ್ಲಿ ನೇತುಹಾಕುವ ಕಂಡಕ್ಟರು, ಯಾರನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿಲ್ಲ. ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ಕೇಳುವಾಗ ನನ್ನ ಗಂಟಲು ನೆನೆದ ಕೋಳಿಮರಿಯ ಹಾಗಾಗುತ್ತದೆ. ಅದನ್ನು ನಾನೇ ಮಾಡಿ ತೋರಿಸಿ ತಂಗಿ ಪದ್ದುವನ್ನು ಎಷ್ಟೋ ಸಲ ನಗಿಸಿದ್ದೇನೆ.

ಕಥೆ ಶುರುವಾದದ್ದು ಅಪ್ಪನ ಎಲ್‌ಟಿಸಿಯಿಂದ. ಅಪ್ಪ ಕೇಂದ್ರ ಸರ್ಕಾರದ ಒಂದು ಆಫೀಸಿನಲ್ಲಿ ಗುಮಾಸ್ತರು. ಸಂಸಾರ ಸಮೇತ ಭಾರತದಲ್ಲಿ ಎಲ್ಲಿಗಾದರೂ ಹೋಗಿಬನ್ನಿ, ಪ್ರಯಾಣದ ಖರ್ಚು ನಮ್ಮದು ಅಂತ ಸರ್ಕಾರ ಹೇಳುವುದೇ ಈ ಎಲ್‌ಟಿಸಿ. ಅಪ್ಪ ಅದನ್ನು ಹಿಂದೆ ಒಂದು ಸಲವೂ ಉಪಯೋಗಿಸಿದವರಲ್ಲ. ಈ ಬೇಸಿಗೆ ದಾಟಿದರೆ ಅದು ಕೈತಪ್ಪಿ ಹೋಗುವುದಿತ್ತು. ಬೇರೆಯವರಾಗಿದ್ದರೆ ಕಾಶಿ, ತಿರುಪತಿ ಅನ್ನುತ್ತಿದ್ದರು. ಅಪ್ಪ ಪದ್ದುವಿನ ಸ್ಕೂಲ್ ಅಟ್ಲಾಸ್ ತೆಗೆದು, ಬೆಂಗಳೂರಿನ ಮೇಲೆ ಹೆಬ್ಬೆರಳು ಊರಿ, ಕಿರುಬೆರಳನ್ನು ಎಷ್ಟು ದೂರ ಚಾಚಬಹುದೋ ಅಷ್ಟು ದೂರ ಚಾಚಿದರು. ಕಿರುಬೆರಳು ನೀರಿನಲ್ಲಿ ಬಿತ್ತು. ಅಲ್ಲಿ, ಬಡಿಸುವಾಗ ಎಲೆಯಂಚಿಗೆ ಸಿಡಿದ ಸಾರಿನ ಹನಿಗಳ ಹಾಗೆ, ಅಂಡಮಾನ್.

"ಸರ್ಕಾರವೇ ಕೊಡುತ್ತೆ ಅಂದ್ಮೇಲೆ ಹತ್ತಿರದ ಊರಿಗೆ ಹೋಗಿ ಯಾಕೆ ನಷ್ಟ ಮಾಡ್ಕೋಬೇಕು?" ಅಂದರು.

ಆ ಕ್ಷಣದಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಮದ್ರಾಸಿನವರೆಗೆ ರೈಲು, ಅಲ್ಲಿಂದ ಹಡಗು! ನಮ್ಮ ಅಮ್ಮ ಜೀವನದಲ್ಲಿ ನೋಡಿದ್ದ ಅತಿ ದೊಡ್ಡ ನೀರು ಅಂದರೆ ಕನ್ನಂಬಾಡಿ ಕಟ್ಟೆಯದು. ಅವಳು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು, "ಆ ಕಡೆ ದಡವೇ ಕಾಣಲ್ವಂತಲ್ಲಾ?" ಅಂತ ದಿನಕ್ಕೊಂದು ಸಲವಾದರೂ ಕೇಳುವಳು. ಕಾಣುವುದಿಲ್ಲ ಅಂತ ಅಪ್ಪ ಹೇಳಿದರೆ, ಅದನ್ನು ಬಾಯಲ್ಲಿ ಹಾಕಿಕೊಂಡ ಕಲ್ಲುಸಕ್ಕರೆಯ ಹಾಗೆ ಚಪ್ಪರಿಸುತ್ತ ಒಳಗೆ ಹೋಗುವಳು. ಹಡಗಿನಲ್ಲಿ ಹೊಟ್ಟೆ ತೊಳಸುತ್ತದೆ, ಮೊದಲೇ ಅಭ್ಯಾಸ ಮಾಡಿಕೊಂಡಿರಬೇಕು ಅಂತ ಆಫೀಸಿನಲ್ಲಿ ಯಾರೋ ಅಪ್ಪನಿಗೆ ಹೇಳಿದ್ದರು. ಸರಿ, ನಡುಮನೆಯ ಉಯ್ಯಾಲೆಯೇ ಹಡಗಾಯಿತು. ದಿನಾ ಸಂಜೆ ಒಬ್ಬೊಬ್ಬರಾಗಿ ಕೂತು, ಕೈಯಲ್ಲಿ ಕಾಫಿ ಲೋಟ ಹಿಡಿದು, ಜೋರಾಗಿ ಜೀಕಿಕೊಂಡೇ ಕಾಫಿ ಮುಗಿಸಬೇಕು. ಅಪ್ಪ ಎರಡು ಅಂಗಿ ಕೆಡಿಸಿಕೊಂಡರು. ನಾನು ಎಣ್ಣೆ ಸುರಿಯುವ ಆಲಿಕೆಯನ್ನು ಬಾಯಿಗಿಟ್ಟುಕೊಂಡು ಕ್ಯಾಪ್ಟನ್ ದನಿಯಲ್ಲಿ, "ಪ್ರಯಾಣಿಕರ ಗಮನಕ್ಕೆ! ಬಲಗಡೆ ತಿಮಿಂಗಿಲ, ಎಡಗಡೆ ರುಬ್ಬೋ ಕಲ್ಲು!" ಅಂತ ಕೂಗುವೆ. ಸೊಂಟ ಹಿಡಿದಿದೆ, ಸ್ವಲ್ಪ ತೂಗಿದರೆ ಹಿತವಾಗುತ್ತೆ ಅಂತ ನೆಪ ಹೇಳಿ ಅಜ್ಜಿಯೂ ಬಂದು ಕೂತು ನಾಲ್ಕು ಸಲ ಜೀಕಿ ಹೋಗುವರು.

ಹಿಂದಿನ ಪೋರ್ಷನ್ನಿನ ಬಾಡಿಗೆದಾರ ರಂಗಸ್ವಾಮಿ ನಲ್ಲಿಯ ಹತ್ತಿರ ಅಪ್ಪನನ್ನು ಹಿಡಿದು, "ಅಂಡಮಾನಂತೆ? ಎಷ್ಟು ವರ್ಷ ಸಾರ್ ಶಿಕ್ಷೆ?" ಅಂದ. ಅಜ್ಜಿ ಅದಕ್ಕಿಂತ ಮುಂಚೆಯೇ ಅಪ್ಪನನ್ನು ವಿಚಾರಿಸಿಕೊಂಡಿದ್ದರು. "ಅಲ್ಲಿಗೆ ಖೈದಿಗಳನ್ನ ಕಳಿಸ್ತಿದ್ರು. ಲೋ ಸೀನೂ, ಆಫೀಸಲ್ಲಿ ಏನ್ ಮಾಡ್ಕೊಂಡ್ಯೋ?"

ಆದರೆ ಅಜ್ಜಿಯ ನಿಜವಾದ ತಕರಾರು ಬೇರೆ ಇತ್ತು. ತಾತನ ತಿಥಿ, ಅಂದರೆ ವರ್ಷಕ್ಕೊಮ್ಮೆ ಅಪ್ಪ ಮಾಡಬೇಕಾದ ಶ್ರಾದ್ಧ, ಸರಿಯಾಗಿ ನಾವು ಆ ದ್ವೀಪದಲ್ಲಿರುವಾಗಲೇ ಬರುತ್ತಿತ್ತು. ಅಲ್ಲೇ ಸಮುದ್ರದ ದಡದಲ್ಲಿ ಮಾಡಿದರಾಯಿತು ಅಂತ ಅಪ್ಪ. ಅಜ್ಜಿ ಯೋಚಿಸಿ ಒಂದು ಪ್ರಶ್ನೆ ಎತ್ತಿದರು ನೋಡಿ, ಅದರ ಮುಂದೆ ಅಪ್ಪನ ಆಫೀಸಿನ ಆಡಿಟರು ಏನೇನೂ ಅಲ್ಲ.

ಯಾವ ಕರ್ಮ ಮಾಡಿದರೂ ಮೊದಲು ಸಂಕಲ್ಪ ಹೇಳಬೇಕಲ್ಲ, ನಾನು ಇಂಥ ಕಾಲದಲ್ಲಿ ಇಂಥ ಜಾಗದಲ್ಲಿ ನಿಂತು ಇದನ್ನು ಮಾಡುತ್ತಿದ್ದೇನೆ ಅಂತ. ನಮ್ಮ ಮನೆಯ ಸಂಕಲ್ಪದಲ್ಲಿ 'ಗೋದಾವರ್ಯಾಃ ದಕ್ಷಿಣೇ ತೀರೇ' ಅಂತ ಬರುತ್ತದೆ, ಗೋದಾವರಿ ನದಿಯ ದಕ್ಷಿಣದ ದಡದಲ್ಲಿ. ರಾಜಾಜಿನಗರ ದಕ್ಷಿಣಕ್ಕಿದೆ, ದೂರವಾದರೂ ಸುಳ್ಳೇನಲ್ಲ. "ಸುತ್ತ ಸಮುದ್ರ ಇಟ್ಕೊಂಡು ನಡುವೆ ನಿಂತು ಯಾವ ದಡ ಅಂತ ಹೇಳ್ತೀಯೋ?" ಅಂತ ಅಜ್ಜಿ. "ವಿಳಾಸ ತಪ್ಪಿದ್ರೆ ಅವರಿಗೆ ಹೇಗೆ ಮುಟ್ಟುತ್ತೆ? ಶಾಸ್ತ್ರಿಗಳು ಹೇಳಲಿ. ಅವರು ಹೂಂ ಅನ್ನೋವರೆಗೂ ನಾನು ಹೊಸಲು ದಾಟಲ್ಲ."

ಅಜ್ಜಿ ಒಬ್ಬರನ್ನೇ ಬಿಟ್ಟು ಹೋಗುವ ಹಾಗಿರಲಿಲ್ಲ, ಅವರಿಗೆ ಕಣ್ಣು ಮಂಜು. ಹಡಗಿಗೆ ನಮ್ಮ ಹೆಸರು ಹತ್ತಿಸಲು ಸೋಮವಾರದೊಳಗೆ ಮದ್ರಾಸಿಗೆ ತಂತಿ ಕೊಡಬೇಕು. ಅಪ್ಪ ನಮ್ಮ ಮನೆ ಪುರೋಹಿತರಾದ ಶಾಸ್ತ್ರಿಗಳ ಮನೆಗೆ ಹೋದರೆ ಬಾಗಿಲಿಗೆ ಬೀಗ. ಯಾವುದೋ ಯಾಗ ಮುಗಿಸಿ ಹಾಗೇ ನಂಜನಗೂಡಿನ ಮಗಳ ಮನೆಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಅಂದರು ಪಕ್ಕದವರು. ಅಪ್ಪ ಮನೆಗೆ ಬಂದು ಇದನ್ನು ಅಮ್ಮನಿಗೆ ಮಾತ್ರ ಪಿಸುಗುಟ್ಟಿದರು. ನಾನು ಕದ್ದು ಕೇಳಿಸಿಕೊಂಡೆ. ಅಜ್ಜಿಗೆ, "ಶಾಸ್ತ್ರಿಗಳು ಸಿಗಲಿಲ್ಲ, ನೋಡೋಣ" ಅಂತಷ್ಟೇ ಹೇಳಿದರು.

ಭಾನುವಾರ ಬೆಳಿಗ್ಗೆ ಅಮ್ಮ, ಹಡಗಿಗೆ ಅಂತ ಕುಟ್ಟಿ, ಡಬ್ಬಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದ ಚಟ್ನಿಪುಡಿಯನ್ನು ಬಿಚ್ಚಿ ದೋಸೆಗೆ ಬಡಿಸಿದಳು. ಅಷ್ಟು ರುಚಿಯಾದ ಚಟ್ನಿಪುಡಿಯನ್ನು ಅಷ್ಟು ಸಪ್ಪಗೆ ನಾನು ಯಾವತ್ತೂ ತಿಂದಿಲ್ಲ.

ನನಗೆ ಈ ದುರ್ಬುದ್ಧಿ ಹುಟ್ಟಿದ್ದು ಆ ದೋಸೆಯ ಮೇಲೆ. ಶಾಸ್ತ್ರಿಗಳು ನಮ್ಮ ಮನೆಗೆ ಬರುವ ರೀತಿಯೇ ನನಗೆ ಅನುಕೂಲವಾಗಿತ್ತು. ಸೈಕಲ್ಲಿಂದ ಇಳಿದರೆ ಮತ್ತೆ ಹತ್ತುವುದು ಕಷ್ಟ ಅಂತ, ಅವರು ಇಳಿಯುತ್ತಲೇ ಇರಲಿಲ್ಲ. ಒಂದು ಕಾಲನ್ನು ನಮ್ಮ ಗೇಟಿನ ಕಂಬಿಯ ಮೇಲೆ ಊರಿ, ಬೆಲ್ಲು ಹೊಡೆದು, ಬಾಯಲ್ಲಿ ಅಡಿಕೆ ಹೊರಳಿಸುತ್ತ, "ಅಮ್ಮಾ... ಏಕಾದಶಿ ನಾಳೆಗಲ್ಲ, ನಾಳಿದ್ದು, ಅಲ್ಲವೇ?" ಅಂತ ಅಲ್ಲಿಂದಲೇ ಹೇಳಿ ಹೋಗಿಬಿಡುವರು. ಅಜ್ಜಿ ನಡುಮನೆಯಿಂದಲೇ ಉತ್ತರ ಕೊಡುವರು. ಇಬ್ಬರೂ ಮುಖ ನೋಡಿಕೊಳ್ಳದೆ ವರ್ಷಗಳಿಂದ ಹೀಗೇ ನಡೆದುಕೊಂಡು ಬಂದಿತ್ತು. ಆ ಮೂಗಿನ ರಾಗ, ಆ 'ಅಲ್ಲವೇ', ನನಗೆ ಬಾಯಿಪಾಠ. ಪದ್ದುವಿಗೆ ಮಾತ್ರ ಹೇಳಿದೆ.

"ಅಜ್ಜಿ ಏನಾದ್ರೂ ಕಷ್ಟದ ಪ್ರಶ್ನೆ ಕೇಳಿದ್ರೆ?" ಅಂದಳು.

"ದೋಷ ಇಲ್ಲಮ್ಮಾ, ಹೋಗಿಬನ್ನಿ, ಅಲ್ಲವೇ? ಅಂತೀನಿ. ಅಷ್ಟೇ ಕಣೇ. ಶಾಸ್ತ್ರಿಗಳೇನು ಲೆಕ್ಕ ಬಿಡಿಸಿ ತೋರಿಸ್ತಾರಾ?"

ನನ್ನ ತಯಾರಿ ಅಷ್ಟೇ ಇತ್ತು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಸಂಜೆ ದೀಪ ಹಚ್ಚುವ ಹೊತ್ತಿಗೆ, ಆ ದಿನಗಳಲ್ಲಿ ಆಗುತ್ತಿದ್ದ ಹಾಗೆ, ಕರೆಂಟು ಹೋಯಿತು. ಅಪ್ಪ ರೇಷನ್ ಅಂಗಡಿಗೆ ಹೋಗಿದ್ದರು. ಅಮ್ಮ ಅಡುಗೆಮನೆಯಲ್ಲಿ ಸೀಮೆಎಣ್ಣೆ ದೀಪ ಹುಡುಕುತ್ತಿದ್ದಳು. ಅಜ್ಜಿ ಉಯ್ಯಾಲೆಯ ಮೇಲೆ, ಪಕ್ಕದಲ್ಲಿ ಪದ್ದು. ನಾನು ಮೆಲ್ಲಗೆ ಹೊರಗೆ ಬಂದು ಗೇಟು ಮುಚ್ಚಿ, ಕಂಬಿಯ ಮೇಲೆ ಕಾಲೂರಿ, ದನಿ ಪಕ್ಕಾ ಆಗಲಿ ಅಂತ ಒಂದು ಹಿಡಿ ಅಡಿಕೆ ಚೂರು ಬಾಯಿಗೆ ಹಾಕಿಕೊಂಡು ಬೆಲ್ಲು ಹೊಡೆದೆ. ಬೀದಿಯಲ್ಲಿ ಒಬ್ಬರೂ ಇರಲಿಲ್ಲ.

"ಶಾಸ್ತ್ರಿಗಳಾ?" ಅಂದರು ಅಜ್ಜಿ ಒಳಗಿನಿಂದ. ಆ ಎರಡು ಕ್ಷಣಕ್ಕೆ ಅವರ ದನಿ ಎಷ್ಟು ಎಳೆಯದಾಗಿ ಕೇಳಿಸಿತು ಅಂದರೆ, ಕರೆದದ್ದು ಪದ್ದುವೇನೋ ಅನ್ನಿಸಿತು. ಉತ್ತರ ಕೊಡಬೇಕು ಅಂತ ಉಸಿರೆಳೆದೆ. ಉಸಿರಿನ ಜೊತೆ ಅಡಿಕೆಯೂ ಹೋಯಿತು. ನೆತ್ತಿಗೇರಿತು. ನೆತ್ತಿಗೇರುವುದು ಅಂದರೆ ಸುಮ್ಮನೆ ಕೆಮ್ಮಲ್ಲ. ದನಿ ಹೊರಡದು, ಗಾಳಿ ಒಳಗೆ ಬಾರದು. ನಾನು ಕಾಂಪೌಂಡಿನ ಗೋಡೆ ಹಿಡಿದು ಬಗ್ಗಿ, ಕಣ್ಣಲ್ಲಿ ನೀರು ಸುರಿಸುತ್ತ, ಎದೆ ಗುದ್ದಿಕೊಳ್ಳುತ್ತಿದ್ದೆ.

ಆಗ ನನ್ನ ತಲೆಯ ಮೇಲುಗಡೆ, ನಾನು ಒಂದು ಕ್ಷಣದ ಹಿಂದೆ ನಿಂತಿದ್ದ ಜಾಗದಿಂದಲೇ, ಶಾಸ್ತ್ರಿಗಳು ಮಾತಾಡಿದರು.

"ಹೂಂ ಅಮ್ಮಾ, ನಾನೇ."

ಬಗ್ಗಿದ್ದವನು ಹಾಗೇ ತಲೆಯೆತ್ತಿ ನೋಡಿದೆ. ಗೇಟಿತ್ತು. ಗೇಟಿನ ಹತ್ತಿರ ಯಾರೂ ಇರಲಿಲ್ಲ. ಮಸುಕು ಬೆಳಕಿತ್ತು, ಒಬ್ಬ ಮನುಷ್ಯ ಇದ್ದಿದ್ದರೆ ಕಾಣದಷ್ಟು ಕತ್ತಲೆಯೇನಲ್ಲ.

ಒಳಗೆ ಅಜ್ಜಿ ತಮ್ಮ ಪ್ರಶ್ನೆ ಶುರುಮಾಡಿಬಿಟ್ಟಿದ್ದರು. ಹುಡುಗರು ದ್ವೀಪಕ್ಕೆ ಹೋಗಬೇಕು ಅಂತ ಕುಣಿಯುತ್ತಿದ್ದಾವೆ, ಸೊಸೆಗೂ ಆಸೆಯಿದೆ, ನಮ್ಮ ಯಜಮಾನರ ತಿಥಿ ಅಲ್ಲೇ ಬರುತ್ತೆ, ಗೋದಾವರಿ ದಡ ಅಂತ ನೀರಿನ ನಡುವೆ ನಿಂತು ಹೇಗೆ ಹೇಳುವುದು ಅಂತ. ನಾನು ಗೋಡೆ ಬಿಡಲಿಲ್ಲ.

"ಗೋದಾವರಿ ಹರಿದು ಎಲ್ಲಿಗೆ ಹೋಗಿ ಸೇರ್ತಾಳಮ್ಮಾ?"

ಅಜ್ಜಿ ಉಯ್ಯಾಲೆಯನ್ನು ಕಾಲಲ್ಲಿ ತಡೆದು ನಿಲ್ಲಿಸಿದ ಸದ್ದಾಯಿತು.

"ಅದೇ ನೀರಿಗೆ, ಅಲ್ಲವೇ? ದಡ ಹುಡುಕೋ ಕಷ್ಟ ನಿಮಗ್ಯಾಕೆ? ಅಲ್ಲಿ ಅವಳೇ ಬಂದು ನಿಮ್ಮ ಕಾಲು ಮುಟ್ತಾಳೆ. ಹೋಗಿಬನ್ನಿ."

ಅದೇ ಮೂಗಿನ ರಾಗ, ಅದೇ ಅಡಿಕೆ ಹೊರಳುವ ಸದ್ದು. ನಾನು ಮಾಡುವ ಶಾಸ್ತ್ರಿಗಳಿಗಿಂತ ಚೆನ್ನಾಗಿತ್ತು. ಭಯದ ನಡುವೆಯೂ ಒಂದಿಷ್ಟು ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಅಡಿಕೆ ಹೊರಗೆ ಬಿತ್ತು, ಕರೆಂಟೂ ಬಂತು. ಬೀದಿ ದೀಪದ ಕೆಳಗೆ ನಾನು, ಬೆಲ್ಲು, ಮುಚ್ಚಿದ ಗೇಟು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಸೈಕಲ್ಲೂ ಇಲ್ಲ.

ಒಳಗೆ ಹಬ್ಬ ಶುರುವಾಗಿತ್ತು. ಅಜ್ಜಿ, "ಸೀನು ಬಂದ ತಕ್ಷಣ ತಂತಿ ಕೊಡೋಕೆ ಹೇಳ್ರೇ!" ಅಂತ ಕೂಗುತ್ತಿದ್ದರು. ಅಮ್ಮ ಕೈಯಲ್ಲಿದ್ದ ಸೀಮೆಎಣ್ಣೆ ದೀಪ ಆರಿಸುವುದನ್ನೂ ಮರೆತು, ಉರಿಯುವ ದೀಪ ಹಿಡಿದುಕೊಂಡೇ ಮನೆಯೆಲ್ಲ ಓಡಾಡುತ್ತಿದ್ದಳು. ಪದ್ದು ಹೊರಗೆ ಹಾರಿ ಬಂದು ನನ್ನ ಬೆನ್ನಿಗೆ ಗುದ್ದಿ, "ಭಲೇ ಕಣೋ! ಗೋದಾವರಿ ಡೈಲಾಗು ಯಾವಾಗ ಯೋಚನೆ ಮಾಡ್ದೆ? ನಂಗೇ ಅಳು ಬಂದ್ಬಿಡ್ತು" ಅಂದಳು.

"ಪದ್ದೂ, ನಾನಲ್ಲ ಕಣೇ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದನ್ನೂ ನಾನು ಯಾರದೋ ದನಿಯಲ್ಲಿ ಹೇಳುತ್ತಿದ್ದೇನೆ ಅಂದುಕೊಂಡಳು. ನನ್ನ ಸ್ವಂತ ದನಿ ಅವತ್ತು ಅಷ್ಟು ಅಪರಿಚಿತವಾಗಿತ್ತೋ ಏನೋ.

ನಾನೇ ಮಾತಾಡಿ ನನಗೇ ಗೊತ್ತಾಗಲಿಲ್ಲವೇ? ಇದನ್ನು ನೀವು ಕೇಳುವ ಮುಂಚೆ ನಾನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಉಸಿರೇ ಆಡದ ಗಂಟಲಿಂದ ಮಾತು ಹೇಗೆ ಬರುತ್ತದೆ? ಹೋಗಲಿ, ಬಂತು ಅಂತಲೇ ಇಟ್ಟುಕೊಳ್ಳಿ. ಗೋದಾವರಿ ಎಲ್ಲಿಗೆ ಹೋಗಿ ಸೇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಾಚಿಕೆಯ ವಿಷಯ, ಆದರೆ ನಿಜ. ಎಸ್ಸೆಸ್ಸೆಲ್ಸಿಯಲ್ಲಿ ಭೂಗೋಳ ಪಾಸಾದದ್ದು ಪಕ್ಕದ ಹುಡುಗನ ಕೃಪೆಯಿಂದ. ನಾಸಿಕದ ಹತ್ತಿರ ಹುಟ್ಟುತ್ತದಲ್ಲ, ಅಲ್ಲೇ ಪಕ್ಕದ ಬೊಂಬಾಯಿ ಸಮುದ್ರಕ್ಕೆ ಬೀಳುತ್ತದೆ ಅಂದುಕೊಂಡಿದ್ದೆ. ಊಟವಾದ ಮೇಲೆ ಪದ್ದುವಿನ ಅಟ್ಲಾಸ್ ಬಿಚ್ಚಿ, ಆ ನೀಲಿ ಗೆರೆಯ ಮೇಲೆ ಬೆರಳಿಟ್ಟು ಎಳೆದುಕೊಂಡು ಹೋದೆ. ದೇಶದ ಆ ಬದಿಯಿಂದ ಈ ಬದಿಗೆ ಅಡ್ಡಡ್ಡ ದಾಟಿ ಬಂಗಾಳ ಕೊಲ್ಲಿಗೆ ಬಂದು ಬಿತ್ತು. ಅದೇ ನೀಲಿಯಲ್ಲಿ, ಬೆರಳು ಎತ್ತದೆ ಇನ್ನೊಂದಿಷ್ಟು ಮುಂದೆ ಹೋದರೆ ಅಂಡಮಾನ್. ತಟ್ಟನೆ ಅಟ್ಲಾಸ್ ಮುಚ್ಚಿಬಿಟ್ಟೆ.

ಶಾಸ್ತ್ರಿಗಳು ನಂಜನಗೂಡಿನಿಂದ ಬಂದಿರಬೇಕು ಅಂತ ಅಪ್ಪ, ಅಮ್ಮ ಅಂದುಕೊಂಡರು. ಸೋಮವಾರ ತಂತಿ ಹೋಯಿತು, ಹಡಗಿನಲ್ಲಿ ನಮ್ಮೆಲ್ಲರಿಗೂ ಜಾಗ ಸಿಕ್ಕಿತು. ಅಮ್ಮ ಹೊಸದಾಗಿ ಚಟ್ನಿಪುಡಿ ಕುಟ್ಟಿದಳು. ಉಯ್ಯಾಲೆಯಲ್ಲಿ ಅಜ್ಜಿ ಈಗ ನೆಪವಿಲ್ಲದೆ ಜೀಕತೊಡಗಿದರು. ಹೊರಡುವುದಕ್ಕೆ ಸ್ವಲ್ಪ ದಿನ ಮುಂಚೆ, ಮಧ್ಯಾಹ್ನ, ಗೇಟಿನ ಹತ್ತಿರ ಬೆಲ್ಲು ಕೇಳಿಸಿ ನಾನು ಬೆಚ್ಚಿಬಿದ್ದೆ. ಸಾಕ್ಷಾತ್ ಶಾಸ್ತ್ರಿಗಳು, ಆ ಬಿಸಿಲಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು. ಅಜ್ಜಿ ಮಲಗಿದ್ದರು. ನಾನು ಓಡಿಹೋಗಿ, ಅವತ್ತು ನಮ್ಮ ಮನೆಗೆ ಬಂದಿದ್ದಿರಾ ಅಂತ ಕೇಳಿದೆ.

ಅವರು ಗಂಟಲು ಮುಟ್ಟಿಕೊಂಡು ಪಿಸುದನಿಯಲ್ಲಿ ಹೇಳಿದ್ದು ಇಷ್ಟು: ಯಾಗದಲ್ಲಿ ಕೂಗಿ ಕೂಗಿ ಗಂಟಲು ಸಂಪೂರ್ಣ ಬಿದ್ದುಹೋಗಿತ್ತು. ಡಾಕ್ಟರು ಮಾತೇ ಆಡಕೂಡದು ಅಂದಿದ್ದರು. ನಂಜನಗೂಡಿನಲ್ಲಿದ್ದಷ್ಟು ದಿನವೂ ಮೊಮ್ಮಗಳ ಸ್ಲೇಟಿನಲ್ಲಿ ಬರೆದು ತೋರಿಸಿಯೇ ಕಾಲ ಕಳೆದದ್ದು. ಬಂದದ್ದು ನಿನ್ನೆ. "ಯಾಕಪ್ಪಾ? ನಾನು ಬಂದಿದ್ದೆ ಅಂತ ಯಾರು ಹೇಳಿದ್ರು?"

ಎಲ್ಲ ಹೇಳಿಬಿಟ್ಟೆ. ಬೆಲ್ಲು, ಅಡಿಕೆ, ಗೋದಾವರಿ, ಒಂದೂ ಬಿಡಲಿಲ್ಲ. ಬೈಯುತ್ತಾರೆ ಅಂತ ಕಾದೆ. ಅವರು ಹ್ಯಾಂಡಲ್ ಹಿಡಿದುಕೊಂಡು ನಮ್ಮ ಗೇಟಿನ ಕಂಬಿಯನ್ನೊಮ್ಮೆ ನೋಡಿ, "ಚೆನ್ನಾಗಿ ಹೇಳಿದೀನಲ್ಲಾ!" ಅಂದರು. ಅವತ್ತು ಮಾತ್ರ ಕಾಲನ್ನು ಕಂಬಿಯ ಮೇಲೆ ಊರದೆ, ಸೈಕಲ್ ತಳ್ಳಿಕೊಂಡೇ ಹೋದರು.

ನಿಮಗೆ ಇದಕ್ಕೆ ವಿವರಣೆ ಹೊಳೆದರೆ ನನಗೂ ತಿಳಿಸಿ. ಇಷ್ಟು ವರ್ಷವಾಯಿತು, ನನಗಂತೂ ಹೊಳೆದಿಲ್ಲ. ಅಲ್ಲಿಂದ ಈಚೆಗೆ ಶಾಸ್ತ್ರಿಗಳ ದನಿ ಒಂದನ್ನು ಬಿಟ್ಟು ಮಿಕ್ಕೆಲ್ಲರ ದನಿಯನ್ನೂ ತೆಗೆಯುತ್ತೇನೆ. ಅದನ್ನು ತೆಗೆಯಲು ಹೋದರೆ, ಪಕ್ಕದಿಂದ ಯಾರಾದರೂ ತಿದ್ದಿಬಿಟ್ಟರೆ ಅಂತ ಭಯ.

ಆದರೆ ಅಜ್ಜಿಗೆ ಹೇಳದೆ ಹಡಗು ಹತ್ತುವುದು ನನ್ನಿಂದ ಆಗಲಿಲ್ಲ. ಹೇಳಿದರೆ ಪ್ರಯಾಣವೇ ನಿಂತುಹೋಗಬಹುದು, ಅಮ್ಮ ಮತ್ತೆ ಡಬ್ಬಿ ಬಿಚ್ಚಬಹುದು. ಹೇಳದಿದ್ದರೆ, ತಾತನ ಕಾರ್ಯವನ್ನು ಯಾರ ಮಾತು ನಂಬಿ ಮಾಡಿದ ಹಾಗಾಗುತ್ತದೆ? ಹೊರಡುವ ದಿನ ಬೆಳಿಗ್ಗೆ ನಾನೂ ಅಜ್ಜಿಯೂ ಹೋಲ್ಡಾಲ್ ಸುತ್ತುತ್ತಿದ್ದೆವು. ಅವರು ಹಾಸಿಗೆಯ ಮೇಲೆ ಮಂಡಿಯೂರಿ ಒತ್ತುತ್ತಿದ್ದರು, ನಾನು ಬೆಲ್ಟು ಎಳೆಯುತ್ತಿದ್ದೆ. ಬೇರೆ ಯಾರೂ ಇರಲಿಲ್ಲ. ಕೋಳಿಮರಿ ಗಂಟಲಲ್ಲೇ ಹೇಳಿದೆ, "ಅಜ್ಜೀ, ಅವತ್ತು ಗೇಟಿನ ಹತ್ತಿರ ಮಾತಾಡಿದ್ದು ಶಾಸ್ತ್ರಿಗಳಲ್ಲ. ಅವರು ಊರಲ್ಲೇ ಇರಲಿಲ್ಲ. ನಾನು ಮೋಸ ಮಾಡೋಣ ಅಂತ ನಿಂತಿದ್ದೆ, ಆದ್ರೆ ಮಾತಾಡಿದ್ದು ನಾನೂ ಅಲ್ಲ, ದೇವರಾಣೆ. ಅದು ಯಾರು ಅಂತ..."

ಅಜ್ಜಿ ಒತ್ತುವುದನ್ನು ನಿಲ್ಲಿಸಲಿಲ್ಲ. ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಲೂ ಇಲ್ಲ.

"ಅದು ಯಾರು ಅಂತ ನಾನು ಕೇಳಿದ್ನೇನೋ? ಕೇಳಿದ್ರೆ ಆಮೇಲೆ ಹೋಗೋಕಾಗುತ್ತೇನೋ, ಮಂಗಾ? ಬಾಯಿ ಮುಚ್ಕೊಂಡು ಬೆಲ್ಟು ಎಳಿ."